ರೀಲು ಹೋದ ಮೇಲೆ ಕಾವಲು ಯಾರದು?

ಚನ್ನಗಿರಿ ಸೀಮೆಯ ಅಡಿಕೆ ತೋಟದೊಳಗೆ ನಡುಮಧ್ಯಾಹ್ನ ಕ್ಯಾಮೆರಾ ಇಟ್ಟು ಚಿತ್ರ ತೆಗೆಯುವುದು ಎಂಥ ಛಾಯಾಗ್ರಾಹಕನಿಗೂ ಕಷ್ಟದ ಕೆಲಸ. ಸೋಗೆಗಳ ಸಂದಿಯಿಂದ ಇಳಿಯುವ ಬಿಸಿಲುಕೋಲು ಕಣ್ಣು ಕುಕ್ಕುವಷ್ಟು ಬಿಳಿ. ಅದರಿಂದ ಒಂದು ಮಾರು ಆಚೆ ನಿಂತವನ ಮುಖ ಕತ್ತಲು. ಎರಡೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಫಿಲ್ಮ್‌ನಲ್ಲಿ ಕೈ ಪಳಗಿಸಿಕೊಂಡವರು ನೆರಳಿನ ಮುಖಕ್ಕೆ ಸಾಲುವಷ್ಟು ಬೆಳಕನ್ನು ಧೈರ್ಯವಾಗಿ ಒಳಗೆ ಬಿಡುತ್ತಿದ್ದರು. ಬಿಸಿಲಿನ ತುಣುಕು ಹೆಚ್ಚಾದರೂ ನೆಗೆಟಿವ್ ಅದನ್ನು ಒಮ್ಮೆಲೇ ಕೈಬಿಡದೆ ಮೆಲ್ಲಗೆ ಬಿಳಿಯ ಕಡೆಗೆ ಜಾರಿಸುತ್ತಿತ್ತು. ಡಿಜಿಟಲ್ ಸೆನ್ಸರ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ನೆರಳಿನೊಳಗೆ ಅದು ಬಹುದೂರ ನೋಡಬಲ್ಲದು. ಬೆಳಕು ತನ್ನ ಮಿತಿ ದಾಟಿತೋ, ಅಲ್ಲಿ ಚಿತ್ರವೇ ಇಲ್ಲ, ಬರಿ ಬಿಳಿ. ಹಾಗಾಗಿ ಇಂದಿನವರು ಚಿತ್ರೀಕರಣದ ಹೊತ್ತಿಗೆ ಬಿಸಿಲನ್ನು ಕಾಪಾಡಿಕೊಳ್ಳುತ್ತಾರೆ, ಮುಖವನ್ನು ಆಮೇಲೆ ಬಣ್ಣ ತಿದ್ದುವ ಡಿಐ ಕೋಣೆಯಲ್ಲಿ ಮೇಲೆತ್ತಿಕೊಳ್ಳುತ್ತಾರೆ.

ಎರಡು ಮಾಧ್ಯಮಗಳ ನಡುವೆ ಕಣ್ಣಿಗೆ ಕಾಣುವ ಮುಖ್ಯ ವ್ಯತ್ಯಾಸ ಇದು. ಹೊಸ ಸೆನ್ಸರ್‌ಗಳು ಬಂದ ಹಾಗೆಲ್ಲ ಇದೂ ಕಿರಿದಾಗುತ್ತಿದೆ. ಆದರೂ ನಮ್ಮಲ್ಲಿ ಈ ವಿಷಯ ಎತ್ತಿದರೆ ಮಾತು ಚೆಲುವಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಫಿಲ್ಮ್‌ಗೆ ಜೀವವಿತ್ತು, ಡಿಜಿಟಲ್ ಚಪ್ಪಟೆ ಎಂದು ಕೆಲವರು. ಅದೆಲ್ಲ ಹಳೆಯದರ ಮೋಹ ಎಂದು ಇನ್ನು ಕೆಲವರು. ನಾನು ಹೇಳಬೇಕಾಗಿರುವುದು ಬೇರೆ. ಚಿತ್ರ ತೆಗೆಯುವ ಅಧಿಕಾರವನ್ನು ನಾಲ್ಕು ಜನರ ಕೈಗೆ ಹಂಚಿದ್ದಕ್ಕಾಗಿ ಡಿಜಿಟಲ್ಲನ್ನು ನಾನು ಮನಸಾರೆ ಒಪ್ಪುತ್ತೇನೆ. ಅದೇ ಬದಲಾವಣೆ ಚಿತ್ರ ಕಾಯುವ ಹೊಣೆಯನ್ನು ಲ್ಯಾಬಿನ ಕೈಯಿಂದ ಬಿಡಿಸಿ ಯಾರ ಕೈಗೂ ಕೊಡದೆ ಹೋಗಿದೆ. ಈ ಲೋಪದ ಪೆಟ್ಟು ಮೊದಲು ಬೀಳುವುದು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳ ಮೇಲೆ.

ಫಿಲ್ಮ್‌ನ ಲೆಕ್ಕ ಮೊದಲು ನೋಡೋಣ. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ ಖರ್ಚು. 400 ಅಡಿಯ ಮ್ಯಾಗಜಿನ್ ನಾಲ್ಕೂವರೆ ನಿಮಿಷದೊಳಗೆ ಖಾಲಿ. ಎರಡೂವರೆ ಗಂಟೆಯ ಸಿನಿಮಾ ಎಂದರೆ ಹದಿಮೂರೂವರೆ ಸಾವಿರ ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಪಟ್ಟಿ. ಇದು ತೆರೆಗೆ ಬಂದ ಭಾಗ ಮಾತ್ರ. ಒಂದು ದೃಶ್ಯಕ್ಕೆ ನಾಲ್ಕು ಟೇಕ್ ಆಯಿತೆಂದರೆ ಅಷ್ಟರ ನಾಲ್ಕು ಪಟ್ಟು ನೆಗೆಟಿವ್ ಸುಟ್ಟಿತು. ಅದನ್ನು ತೊಳೆದು ಪ್ರಿಂಟ್ ಹಾಕಲು ಬಹುಕಾಲ ಮದರಾಸಿನ ಲ್ಯಾಬ್‌ಗಳೇ ಗತಿ. ಮಲೆನಾಡಿನಲ್ಲೋ ಬಯಲುಸೀಮೆಯಲ್ಲೋ ತೆಗೆದ ದೃಶ್ಯ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಲ್ಯಾಬಿನಿಂದ ಮೊದಲ ಪ್ರಿಂಟ್, ಅಂದರೆ ರಷಸ್, ಬರುವ ತನಕ ಕಾಯಬೇಕು. ಅಲ್ಲಿಯವರೆಗೆ ಏನು ಸೆರೆಯಾಗಿದೆ ಎಂಬುದು ಛಾಯಾಗ್ರಾಹಕನೊಬ್ಬನ ತಲೆಯೊಳಗಿನ ಅಂದಾಜು.

ಆ ಅಂದಾಜನ್ನು ವಿದ್ಯೆಯಾಗಿ ಕಲಿಸಿದ ಕೀರ್ತಿ ಕರ್ನಾಟಕಕ್ಕೆ ಸಲ್ಲಬೇಕು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಇತ್ತು. 1946ರಲ್ಲಿ ಅಲ್ಲಿಂದ ಹೊರಬಂದ ಮೈಸೂರಿನ ವಿ.ಕೆ. ಮೂರ್ತಿ ಮುಂಬೈಗೆ ಹೋಗಿ ಗುರುದತ್ತರ ಕಣ್ಣಾದರು. 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೊದ ಮಾಡಿನಿಂದ ಇಳಿದುಬರುವ ಆ ಬೆಳಕಿನ ಕಂಬವನ್ನು ಅವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ತಿರುಗಿಸಿ ಒಳಗೆ ತಂದು ನಿಲ್ಲಿಸಿದ್ದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಕಲಿತದ್ದೂ ಅದೇ ಪಾಲಿಟೆಕ್ನಿಕ್‌ನಲ್ಲಿ. ಇವರ ಬಗ್ಗೆ ನನಗಿರುವ ಗೌರವ ದೊಡ್ಡದು. ಹಾಗೆಂದು ಆ ವಿದ್ಯೆಯ ಬಾಗಿಲು ಎಷ್ಟು ಕಿರಿದಾಗಿತ್ತು ಎಂಬುದನ್ನು ಮರೆಯಲಾರೆ. ಒಂದು ಅಡಿ ನೆಗೆಟಿವ್‌ಗೂ ದುಡ್ಡು ಕೊಡಬೇಕಾದ ಕಾಲದಲ್ಲಿ, ನ್ಯಾಮತಿಯ ಹುಡುಗಿಯೊಬ್ಬಳು ತಪ್ಪು ಮಾಡುತ್ತ ಮಾಡುತ್ತ ಕ್ಯಾಮೆರಾ ಕಲಿಯುವ ದಾರಿಯೇ ಇರಲಿಲ್ಲ. ಫಿಲ್ಮ್ ಶಿಸ್ತು ಕಲಿಸಿತು ಎನ್ನುವವರ ಮಾತು ನಿಜ. ಆ ಶಿಸ್ತಿನ ಶುಲ್ಕ ಕಟ್ಟಲಾರದೆ ಹೊರಗೇ ಉಳಿದವರ ಲೆಕ್ಕವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

ಹೊರಗುಳಿದದ್ದು ಕ್ಯಾಮೆರಾದ ಹಿಂದಿನವರಷ್ಟೇ ಅಲ್ಲ, ಮುಂದಿನವರೂ ಹೌದು. 1970ರ ದಶಕದ ಬಣ್ಣದ ನೆಗೆಟಿವ್‌ನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ, 100 ಎಎಸ್‌ಎ ಆಸುಪಾಸು. ಅಂಥ ಮಂದಗತಿಯ ಫಿಲ್ಮ್‌ಗೆ ಒಳಾಂಗಣದಲ್ಲಿ ರಾಶಿ ರಾಶಿ ಬೆಳಕು ಬೇಕು. ಅಷ್ಟು ಬೆಳಕಿನಲ್ಲೂ ಕಪ್ಪು ಮೈಬಣ್ಣದ ಮುಖ ಹಿಂದಿನ ಗೋಡೆಯಲ್ಲಿ ಕರಗಿಹೋಗುತ್ತದೆಂದು ಮುಖಕ್ಕೆ ದಪ್ಪ ಮೇಕಪ್ ಬಳಿಯುತ್ತಿದ್ದರು. ಇದರ ಬೇರು ದೂರದ ದೇಶದಲ್ಲೂ ಇದೆ. ಬಣ್ಣದ ಫೋಟೊ ಪ್ರಿಂಟ್ ಸರಿ ಬಂದಿದೆಯೇ ಎಂದು ನೋಡಲು ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡ್‌ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಚಿತ್ರ. 'ಶರ್ಲಿ ಕಾರ್ಡ್' ಎಂದೇ ಅದಕ್ಕೆ ಹೆಸರು. ಸರಿಯಾದ ಮೈಬಣ್ಣ ಎಂದರೆ ಅವಳದು ಎಂಬುದು ಲ್ಯಾಬಿನ ಅಳತೆಗೋಲಿನಲ್ಲೇ ಕೂತಿತ್ತು. ಮುಂದೆ 500 ಎಎಸ್‌ಎ ಫಿಲ್ಮ್ ಬಂತು, ಪರಿಸ್ಥಿತಿ ಸುಧಾರಿಸಿತು. ಪೂರ್ತಿ ಬದಲಾದದ್ದು ಡಿಜಿಟಲ್ ಬಂದ ಮೇಲೆ. 2007ರ ರೆಡ್ ಒನ್ ದಾರಿ ತೆರೆಯಿತು. 2010ರಲ್ಲಿ ಬಂದ ಆರಿ ಅಲೆಕ್ಸಾ ಕ್ಯಾಮೆರಾದ ಸಹಜ ಸೂಕ್ಷ್ಮತೆಯೇ 800, ಆ ಹಳೆಯ ನೆಗೆಟಿವ್‌ನ ಎಂಟು ಪಟ್ಟು. ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ ದಿನವಿಡೀ ಬೆಂದ ರೈತನೊಬ್ಬ ರಾತ್ರಿ ಪಡಸಾಲೆಯ ಒಂಟಿ ಬಲ್ಬಿನ ಕೆಳಗೆ ಕೂತರೆ, ಅವನ ಮುಖ ಇದ್ದ ಹಾಗೇ, ಇದ್ದ ಬಣ್ಣದಲ್ಲೇ ತೆರೆಗೆ ಬರಬಹುದು. ಹೀಗಾಗುವುದು ಸಣ್ಣ ಸಂಗತಿಯಲ್ಲ.

ರಾಮ್ ರೆಡ್ಡಿಯವರ 'ತಿಥಿ' ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ನಟನೆ ಗೊತ್ತಿಲ್ಲದ ಊರ ಜನರನ್ನೇ ಇಟ್ಟುಕೊಂಡು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಅದು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅನುಭವವಿಲ್ಲದ ಜನ ಸಹಜವಾಗುವವರೆಗೆ ಕ್ಯಾಮೆರಾ ಓಡುತ್ತಲೇ ಇರಬೇಕು. ನಿಮಿಷಕ್ಕೆ 90 ಅಡಿ ನುಂಗುವ ಯಂತ್ರದ ಮುಂದೆ ಅಂಥ ತಾಳ್ಮೆ ಯಾವ ಸಣ್ಣ ನಿರ್ಮಾಪಕನಿಗೂ ಕೈಗೆಟುಕುತ್ತಿರಲಿಲ್ಲ. 2013ರ 'ಲೂಸಿಯಾ' ಪ್ರೇಕ್ಷಕರಿಂದಲೇ ಬಂಡವಾಳ ಕೂಡಿಸಿಕೊಂಡು ಆದ ಸಿನಿಮಾ. ಫಿಲ್ಮ್‌ನ ಖರ್ಚು ತಲೆಯ ಮೇಲಿದ್ದಿದ್ದರೆ ಆ ಲೆಕ್ಕ ಕೂಡುತ್ತಿತ್ತೇ?

ಬೇಸರದ ಮಾತೆಂದರೆ, ನೆರಳಿನಲ್ಲಿ ನೋಡಬಲ್ಲ ಈ ಕಣ್ಣನ್ನು ನಮ್ಮ ಬಹುಪಾಲು ದೊಡ್ಡ ಚಿತ್ರಗಳು ಬಳಸಿಕೊಂಡಿಲ್ಲ. ಕ್ಯಾಮೆರಾ ಸೆರೆಹಿಡಿದ ಮೈಬಣ್ಣವನ್ನು ಡಿಐ ಕೋಣೆಯಲ್ಲಿ ಕೂತು ತಿಳಿಗೊಳಿಸುತ್ತಾರೆ, ಚರ್ಮದ ಗೆರೆ ಅಳಿಸುತ್ತಾರೆ. ಹಿಂದೆ ಯಂತ್ರದ ಮಿತಿಯಿಂದ ಆಗುತ್ತಿದ್ದುದು ಈಗ ಇಷ್ಟಪಟ್ಟು ಆಗುತ್ತಿದೆ. ಇದಕ್ಕೆ ಡಿಜಿಟಲ್ಲನ್ನು ದೂರುವುದು ತಪ್ಪು. ದೂರಬೇಕಾದದ್ದು ನಮ್ಮ ಅಭಿರುಚಿಯನ್ನು.

ಪ್ರದರ್ಶನದ ಕಡೆಯ ಬದಲಾವಣೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊನ್ನಾಳಿ, ಜಗಳೂರಿನಂಥ ಊರುಗಳು ಹಂಚಿಕೆದಾರರ ಭಾಷೆಯಲ್ಲಿ 'ಸಿ ಸೆಂಟರ್'. ಪ್ರಿಂಟ್ ದುಬಾರಿಯಾದ್ದರಿಂದ ಎಣಿಸಿ ಹಾಕಿಸುತ್ತಿದ್ದರು. ದೊಡ್ಡ ಊರುಗಳಲ್ಲಿ ಓಡಿ ಸವೆದ ಮೇಲೆ, ಮಧ್ಯೆ ಮಧ್ಯೆ ತುಂಡಾಗಿ ಅಂಟಿಸಿದ ರೀಲುಗಳು ಡಬ್ಬಿಯಲ್ಲಿ ಬಸ್ಸೇರಿ ಇಲ್ಲಿಗೆ ಬರುತ್ತಿದ್ದವು. ಗೀರು ಬಿದ್ದ ಚಿತ್ರವನ್ನೇ ಇಲ್ಲಿಯವರು ಚಿತ್ರ ಎಂದುಕೊಂಡಿದ್ದರು. 2005ರ ನಂತರ ಯುಎಫ್‌ಒ, ಕ್ಯೂಬ್ ಎಂಬ ಡಿಜಿಟಲ್ ಪ್ರದರ್ಶನ ವ್ಯವಸ್ಥೆಗಳು ಬಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ಸಣ್ಣ ಊರಿನ ತೆರೆಯ ಮೇಲೂ ಅದೇ ಚಿತ್ರ, ಅದೇ ಸ್ಪಷ್ಟತೆಯಲ್ಲಿ ಮೂಡುವುದು ಸಾಧ್ಯವಾಯಿತು. ಇದು ನ್ಯಾಯ. ಪ್ರಿಂಟಿನ ಖರ್ಚು ಹೋದ ಜಾಗಕ್ಕೆ ಡಿಜಿಟಲ್ ಸೇವೆಯ ಶುಲ್ಕ ಬಂದು ಕೂತಿತು. ಆ ಶುಲ್ಕದ ವಿರುದ್ಧ 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಚಿತ್ರಗಳ ಬಿಡುಗಡೆಯನ್ನೇ ನಿಲ್ಲಿಸಿದ್ದರು.

ಇನ್ನು ಕಾಯುವ ಮಾತು. ಸಿನಿಮಾಕ್ಕಿಂತ ಮೊದಲು ನಮ್ಮ ಮನೆಗಳ ಅಟ್ಟ ನೋಡಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಮನೆಗೆ ಹೋದರೂ ಚಿತ್ರಗಳ ಮೂರು ತಲೆಮಾರು ಸಿಗುತ್ತವೆ. ಅಜ್ಜ–ಅಜ್ಜಿಯ ಮದುವೆಯ ಕಪ್ಪು–ಬಿಳುಪು ಫೋಟೊ, ಅದೃಷ್ಟವಿದ್ದರೆ ಅದರ ನೆಗೆಟಿವ್. ಅಪ್ಪ–ಅಮ್ಮನ ಮದುವೆಯ ವಿಡಿಯೊ ಕ್ಯಾಸೆಟ್. ಮಕ್ಕಳ ಮದುವೆಯ ಡಿವಿಡಿ, ಪೆನ್‌ಡ್ರೈವ್. ನೆಗೆಟಿವ್ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದರೆ ಇಂದಿಗೂ ಬಾಸಿಂಗ ಕಾಣುತ್ತದೆ, ಯಾವ ಯಂತ್ರವೂ ಬೇಡ. ಕ್ಯಾಸೆಟ್‌ನ ಗತಿ ಹಾಗಲ್ಲ. ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಹಿಡಿಯದೆ ಉಳಿದರೂ ಹಾಕಿ ನೋಡಲು ವಿಸಿಆರ್ ಎಲ್ಲಿದೆ? ಜಗತ್ತಿನಲ್ಲಿ ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಅಜ್ಜಿಯ ಮದುವೆ ಉಳಿದು ಅಮ್ಮನ ಮದುವೆ ಕಳೆದುಹೋದ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಹೊಸದಾಗಿ ಬಂದದ್ದು ಹಳೆಯದಕ್ಕಿಂತ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಒಮ್ಮೆ ಸುಳ್ಳಾಗಿರುವುದನ್ನು ಸಣ್ಣ ಊರಿನ ಜನ ತಮ್ಮ ಮನೆಯಲ್ಲೇ ಕಂಡಿದ್ದಾರೆ.

ಸಿನಿಮಾದ ಅನುಭವವೂ ಇದೇ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು, ಎಸ್. ರಾಮಚಂದ್ರ ಅವರ ಕಪ್ಪು–ಬಿಳುಪು ಛಾಯಾಗ್ರಹಣ. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆ ಗುಣಮಟ್ಟದಲ್ಲಿ ಪುನರುಜ್ಜೀವಗೊಳಿಸಿದವು; 2024ರ ವೆನಿಸ್ ಉತ್ಸವದಲ್ಲಿ ಚಿತ್ರ ಮತ್ತೆ ತೆರೆ ಕಂಡಿತು. ಚಿತ್ರ ತೆಗೆದಾಗ 4ಕೆ ಎಂಬ ಮಾತೇ ಇರಲಿಲ್ಲ. ಆದರೆ 1977ರ ಬೆಳ್ಳಿಯ ಕಣಗಳು ಅಷ್ಟು ವಿವರವನ್ನು ತಮ್ಮೊಳಗೆ ಇಟ್ಟುಕೊಂಡು, ಓದುವ ಯಂತ್ರ ಬರುವ ತನಕ ಕಾದಿದ್ದವು. 2010ರ ಸುಮಾರಿಗೆ 2ಕೆಯಲ್ಲಿ ತೆಗೆದ ಡಿಜಿಟಲ್ ಚಿತ್ರದ ಕಡತದಿಂದ ನಾಳೆ ಎಂಥ ಯಂತ್ರ ಬಂದರೂ 2ಕೆಗಿಂತ ಹೆಚ್ಚು ನಿಜವಾದ ವಿವರ ತೆಗೆಯಲಾಗದು.

ಜಗಳೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ 'ನಾಗರಹಾವು'. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಕೋಟೆಯ ಬಂಡೆಗಳ ನಡುವೆ ಪುಟ್ಟಣ್ಣ ಕಣಗಾಲ್ ಮತ್ತು ಛಾಯಾಗ್ರಾಹಕ ಚಿಟ್ಟಿಬಾಬು ಸ್ಲೋ ಮೋಷನ್ನಿನಲ್ಲಿ ತೆಗೆದ ಹಾಡು ಜಗಳೂರಿನವರ ಜಿಲ್ಲೆಯ ಹಾಡೇ ಆಗಿತ್ತು. ಸ್ಲೋ ಮೋಷನ್ ಎಂದರೆ ಕ್ಯಾಮೆರಾವನ್ನು ವೇಗವಾಗಿ ಓಡಿಸಬೇಕು, ಅಂದರೆ ಅಷ್ಟು ಹೆಚ್ಚು ನೆಗೆಟಿವ್ ಖರ್ಚು ಮಾಡಬೇಕು. 1972ರಲ್ಲಿ ಅದು ದೊಡ್ಡ ಸಾಹಸ. 2018ರಲ್ಲಿ ಆ ಚಿತ್ರ ಡಿಜಿಟಲ್ ರೂಪ ತಳೆದು ಮತ್ತೆ ಬಿಡುಗಡೆಯಾದಾಗ ಜನ ಮುಗಿಬಿದ್ದರು. ನನಗೂ ಸಂತೋಷವಾಯಿತು. ಆದರೆ ಅದನ್ನು ಸಿನಿಮಾಸ್ಕೋಪ್ ಅಗಲಕ್ಕೆ ಹೊಂದಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಹಳೆಯ ಚೌಕಟ್ಟನ್ನು ಹಾಗೆ ಅಗಲಿಸಬೇಕೆಂದರೆ ಮೇಲೆ ಕೆಳಗೆ ಕತ್ತರಿಸಲೇಬೇಕು. ಬಂಡೆಯ ಎತ್ತರಕ್ಕೆಂದೇ ಕಟ್ಟಿದ ಚೌಕಟ್ಟಿನಲ್ಲಿ ಹಾಗೆ ಕತ್ತರಿಸಬಾರದು. ಸಮಾಧಾನವೆಂದರೆ, ಮೂಲ ಇದ್ದರೆ ನಾಳೆ ಇನ್ನೊಬ್ಬರು ಅದನ್ನು ಸರಿಯಾಗಿ ಮಾಡಬಹುದು.

ಫಿಲ್ಮ್ ತಾನಾಗಿಯೇ ಅಮರ ಎಂದು ಹೇಳುತ್ತಿಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿಯ ನಂಟು. 2003ರ ಜನವರಿಯಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಗೆ ಅಪಾರ ಪ್ರಮಾಣದ ನೈಟ್ರೇಟ್ ರೀಲುಗಳು ಬೂದಿಯಾದವು. ಬೆಳ್ಳಿ ತೆಗೆಯಲೆಂದು ಹಳೆಯ ಪ್ರಿಂಟ್‌ಗಳನ್ನು ಮಾರಿದವರಿದ್ದರು. ನಂತರದ ಅಸಿಟೇಟ್ ಫಿಲ್ಮ್ ಕೂಡ ಸೆಕೆ, ತೇವ ತಾಗಿದರೆ ಹುಳಿ ವಾಸನೆ ಹೊಡೆದು ಸುರುಟಿಕೊಳ್ಳುತ್ತದೆ. ಆದರೆ ಫಿಲ್ಮ್ ನಿರ್ಲಕ್ಷ್ಯವನ್ನು ಒಂದಷ್ಟು ಕಾಲ ಸಹಿಸುತ್ತದೆ. ಯಾರೋ ಮರೆತ ಡಬ್ಬಿ ಮೂವತ್ತು ವರ್ಷದ ಮೇಲೆ ಸಿಕ್ಕರೂ ಅದರಲ್ಲಿ ಅರ್ಧ ಚಿತ್ರವಾದರೂ ಇರುತ್ತದೆ. ಮೂವತ್ತು ವರ್ಷ ಮರೆತ ಹಾರ್ಡ್ ಡಿಸ್ಕ್ ತಿರುಗುವುದೇ ಇಲ್ಲ. ಫಿಲ್ಮ್ ಕಾಲದಲ್ಲಿ ಲ್ಯಾಬಿನವರು ಬಾಕಿ ಹಣ ಬರಬೇಕೆಂಬ ಕಾರಣಕ್ಕಾದರೂ ನೆಗೆಟಿವ್ ಇಟ್ಟುಕೊಂಡಿರುತ್ತಿದ್ದರು. ಆ ಸ್ವಾರ್ಥವೂ ಒಂದು ಬಗೆಯ ಕಾವಲಾಗಿತ್ತು. ಈಗ ಚಿತ್ರ ಬಿಡುಗಡೆಯಾಗಿ ವ್ಯವಹಾರ ಮುಗಿದ ಮೇಲೆ ಅದರ ಕಡತ ಯಾರ ಬಳಿ ಇರಬೇಕು ಎಂಬುದಕ್ಕೆ ಉತ್ತರವಿಲ್ಲ.

ಕಡತದ ಗಾತ್ರವನ್ನು ಕಲ್ಪಿಸಿಕೊಳ್ಳಿ. ದೊಡ್ಡ ಸೆನ್ಸರ್‌ನ ಒಳ್ಳೆಯ ಕ್ಯಾಮೆರಾ ಯಾವ ಅಡಕವೂ ಇಲ್ಲದೆ ದಾಖಲಿಸಿದರೆ ಒಂದು ಗಂಟೆಗೆ ಸುಮಾರು 1.8 ಟೆರಾಬೈಟ್. ನೆಗೆಟಿವ್ ಉಳಿಸಬೇಕೆಂಬ ಭಯ ಹೋದ ಮೇಲೆ ಐವತ್ತು, ನೂರು ಗಂಟೆ ಚಿತ್ರೀಕರಣ ಸಾಮಾನ್ಯ. ಇಷ್ಟನ್ನೂ ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟುಕೊಂಡಿರುವುದು ದುಬಾರಿ. ಹೊಸ ಚಿತ್ರ ಶುರುವಾದಾಗ ಹಳೆಯದನ್ನು ಅಳಿಸಿ ಅದೇ ಡಿಸ್ಕ್ ಬಳಸುವ ಆಸೆ ಯಾರಿಗೂ ಆದೀತು. ದೀರ್ಘಕಾಲಕ್ಕೆಂದು ಬಳಸುವ ಎಲ್‌ಟಿಒ ಟೇಪ್ ಮೂವತ್ತು ವರ್ಷ ಬಾಳುತ್ತದೆಂದು ತಯಾರಕರ ಮಾತು. ಅಷ್ಟು ಹೊತ್ತಿಗೆ ಅದನ್ನು ಓದುವ ಯಂತ್ರ ಇರಬೇಕಲ್ಲ? ಎಂಟನೆಯ ಪೀಳಿಗೆಯ ಎಲ್‌ಟಿಒ ಯಂತ್ರ ತನ್ನ ಹಿಂದಿನ ಏಳನೆಯದನ್ನು ಮಾತ್ರ ಓದುತ್ತದೆ, ಆರನೆಯದನ್ನು ಓದದು. ಅಂದರೆ ಕೆಲವು ವರ್ಷಗಳಿಗೊಮ್ಮೆ ಎಲ್ಲವನ್ನೂ ಹೊಸ ಟೇಪಿಗೆ ವರ್ಗಾಯಿಸುತ್ತಲೇ ಇರಬೇಕು. ಅಮೆರಿಕದ ಆಸ್ಕರ್ ಅಕಾಡೆಮಿ 2007ರಲ್ಲಿ ಈ ಲೆಕ್ಕ ಹಾಕಿ ನೋಡಿತ್ತು: ಒಂದು ಚಿತ್ರದ ಮೂಲವನ್ನು ಫಿಲ್ಮ್‌ನಲ್ಲಿ ಕಾಯಲು ವರ್ಷಕ್ಕೆ 1,059 ಡಾಲರ್, 4ಕೆ ಡಿಜಿಟಲ್‌ನಲ್ಲಿ ಕಾಯಲು 12,514 ಡಾಲರ್. ಅಲ್ಲಿಂದೀಚೆಗೆ ಡಿಜಿಟಲ್ ಸಂಗ್ರಹ ಅಗ್ಗವಾಗಿದೆ, ಚಿತ್ರದ ಗಾತ್ರ ಹಿಗ್ಗಿದೆ. ತೆಗೆಯುವುದು ಅಗ್ಗ, ಕಾಯುವುದು ದುಬಾರಿ ಎಂಬ ಮೂಲ ಸತ್ಯ ಹಾಗೇ ಇದೆ.

ಯೂಟ್ಯೂಬ್‌ನಲ್ಲಿ ಎಲ್ಲವೂ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿರುವುದು ಹಿಂಡಿ ಸಣ್ಣದಾಗಿಸಿದ ಪ್ರತಿ. ಖಾತೆ ಮುಚ್ಚಿದರೆ, ಹಕ್ಕಿನ ತಕರಾರು ಬಂದರೆ, ಕಂಪನಿಯ ನಿಯಮ ಬದಲಾದರೆ ಅದೂ ಇಲ್ಲ. ಕ್ಲೌಡ್ ಸಂಗ್ರಹ ಬಾಡಿಗೆ ಮನೆ ಇದ್ದಂತೆ. ಬಾಡಿಗೆ ನಿಂತ ತಿಂಗಳು ಸಾಮಾನು ಬೀದಿಗೆ. ಮತ್ತೆ ಫಿಲ್ಮ್‌ಗೇ ಹೋಗೋಣವೇ? ನಿರ್ದೇಶಕ ನಟೇಶ್ ಹೆಗಡೆ ತಮ್ಮ 'ವಾಘಾಚಿಪಾಣಿ'ಯನ್ನು 16 ಎಂಎಂ ಫಿಲ್ಮ್‌ನಲ್ಲಿ ತೆಗೆದರು, 2025ರಲ್ಲಿ ಅದು ಬರ್ಲಿನ್ ಉತ್ಸವಕ್ಕೆ ಹೋಯಿತು. ಒಬ್ಬ ಕಲಾವಿದ ತನ್ನ ಮಾಧ್ಯಮವನ್ನು ತಾನೇ ಆರಿಸಿಕೊಂಡದ್ದು ಮೆಚ್ಚಬೇಕಾದ ಮಾತು. ಎಲ್ಲರಿಗೂ ಅದೇ ದಾರಿ ಎಂದರೆ ಈಗಷ್ಟೇ ತೆರೆದ ಬಾಗಿಲನ್ನು ಮತ್ತೆ ಮುಚ್ಚಿದಂತೆ. ಫುಜಿ ಕಂಪನಿ 2013ರ ಹೊತ್ತಿಗೆ ಸಿನಿಮಾ ನೆಗೆಟಿವ್ ತಯಾರಿಕೆಯಿಂದಲೇ ಹಿಂದೆ ಸರಿದಿದೆ. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿ ಎದ್ದು ಬಂದದ್ದು. ಅಂಥ ಒಂದೇ ಎಳೆಗೆ ಕನ್ನಡದ ಚಿತ್ರೋದ್ಯಮವನ್ನು ನೇತುಹಾಕಲಾಗದು.

ಈ ಚರ್ಚೆಯನ್ನು ಗಾಂಧಿನಗರದ ಒಳಗೇ ಮುಗಿಸಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ತುಂಗಭದ್ರೆಯ ನೀರನ್ನು ಎತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಯ ನೀರು ಕೆರೆಯಂಗಳಕ್ಕೆ ಬಂದಾಗ ಅದನ್ನು ಕಂಡು ಕಣ್ಣು ತುಂಬಿಕೊಂಡವರ ಚಿತ್ರ ತೆಗೆದದ್ದು ಯಾವ ಸಿನಿಮಾ ತಂಡವೂ ಅಲ್ಲ, ಊರ ಹುಡುಗರ ಮೊಬೈಲ್‌ಗಳು. ಬರಕ್ಕೆ ಹೆಸರಾದ ತಾಲ್ಲೂಕೊಂದು ನೀರು ಕಂಡದ್ದಕ್ಕೆ ಅವೇ ಸಾಕ್ಷಿ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವುದು, ಸಂತೆಬೆನ್ನೂರು ಹೊಂಡದ ನೀರು ಏರಿದ್ದು ಇಳಿದದ್ದು, 2018ರಲ್ಲಷ್ಟೇ ತಾಲ್ಲೂಕಾದ ನ್ಯಾಮತಿ ಬೆಳೆಯುತ್ತಿರುವ ಬಗೆ, ಊರ ಜಾತ್ರೆಯಲ್ಲಿ ರಾತ್ರಿಯಿಡೀ ನಡೆದ ನಾಟಕ, ಎಲ್ಲವೂ ಮದುವೆ ಸ್ಟುಡಿಯೊಗಳ ಡಿಸ್ಕ್‌ಗಳಲ್ಲಿ, ಮೊಬೈಲ್‌ಗಳಲ್ಲಿ ಇವೆ. ಈ ಭಾಗದ ಇತಿಹಾಸ ಹಿಂದೆಂದೂ ಇಷ್ಟು ದಟ್ಟವಾಗಿ ದಾಖಲಾಗಿರಲಿಲ್ಲ. ಇಷ್ಟು ಸುಲಭವಾಗಿ ಅಳಿಸಿಹೋಗುವ ಸ್ಥಿತಿಯಲ್ಲೂ ಇರಲಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಕನ್ನಡ ಚಿತ್ರಗಳಿಗೆ ರಾಜ್ಯ ಸರ್ಕಾರ ಸಹಾಯಧನ ಕೊಡುತ್ತದೆ. ಆ ಹಣ ಪಡೆಯುವ ಪ್ರತಿ ಚಿತ್ರದ ಅಂತಿಮ ಮಾಸ್ಟರ್, ಗುಪ್ತಕೀಲಿ ಇಲ್ಲದೆ, ಸಾರ್ವಜನಿಕ ಸಂಗ್ರಹಕ್ಕೆ ಸೇರಿದ ಮೇಲಷ್ಟೇ ಕೊನೆಯ ಕಂತು ಬಿಡುಗಡೆಯಾಗಲಿ. ಎರಡು ಟೇಪ್, ಎರಡು ಬೇರೆ ಊರು. ಒಂದು ಬೆಂಗಳೂರಿನಲ್ಲಿದ್ದರೆ ಇನ್ನೊಂದು ಅಲ್ಲಿರಬಾರದು. ಆಯ್ದ ಕೆಲವು ಚಿತ್ರಗಳನ್ನು ಹಾಲಿವುಡ್‌ನವರು ಮಾಡುವಂತೆ ಡಿಜಿಟಲ್‌ನಿಂದ ಮತ್ತೆ ಪಾಲಿಯೆಸ್ಟರ್ ಫಿಲ್ಮ್‌ಗೆ ಇಳಿಸಿಡಲಿ. ಕಾಯಲು ಫಿಲ್ಮ್, ತೆಗೆಯಲು ಡಿಜಿಟಲ್ ಎಂಬ ಹೊಂದಾಣಿಕೆಯಲ್ಲಿ ಯಾವ ಅವಮಾನವೂ ಇಲ್ಲ. ಊರುಗಳ ಚಿತ್ರಗಳಿಗೆ ಜಾಗ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲಾ ಮಹಾವಿದ್ಯಾಲಯವಿದೆ, ಅದಕ್ಕೆ ಬೆನ್ನಾಗಿ ವಿಶ್ವವಿದ್ಯಾಲಯವಿದೆ. ಕೆಲಸ ಮಾಡುವ ಒಂದೆರಡು ವಿಸಿಆರ್, ಒಂದು ಫಿಲ್ಮ್ ಸ್ಕ್ಯಾನರ್, ಒಂದು ಟೇಪ್ ಯಂತ್ರ ಮತ್ತು ಸಂಬಳ ಸಿಗುವ ಇಬ್ಬರು ನುರಿತ ಕೆಲಸಗಾರರು ಇದ್ದರೆ ಸಂಗ್ರಹ ಶುರುವಾಗುತ್ತದೆ. ಹೊನ್ನಾಳಿಯ ಮನೆಯವರು ಕ್ಯಾಸೆಟ್ ತಂದುಕೊಟ್ಟು ಪ್ರತಿ ಪಡೆದು ಹೋಗಲಿ, ಒಪ್ಪಿದರೆ ಇನ್ನೊಂದು ಪ್ರತಿ ಅಲ್ಲೇ ಉಳಿಯಲಿ. ಮನೆಯ ಖಾಸಗಿ ಚಿತ್ರ ಯಾವುದು, ಊರಿನದು ಯಾವುದು ಎಂಬುದನ್ನು ಕೊಟ್ಟವರೇ ಬರೆದುಕೊಡಲಿ. ಯಂತ್ರ ಕೊಳ್ಳುವ ಅನುದಾನ ಹೇಗೋ ಸಿಗುತ್ತದೆ. ಐದು ವರ್ಷಕ್ಕೊಮ್ಮೆ ಪ್ರತಿ ಟೇಪನ್ನೂ ತೆಗೆದು ಓದಿ ನೋಡಿ ಹೊಸದಕ್ಕೆ ವರ್ಗಾಯಿಸುವ ಖರ್ಚು ಮಾತ್ರ ಯಾವ ಅನುದಾನದ ಪಟ್ಟಿಯಲ್ಲೂ ಬರುವುದಿಲ್ಲ. ಆ ಖರ್ಚನ್ನು ಮೊದಲ ಆದೇಶದಲ್ಲೇ, ಸಂಬಳದ ಸಾಲಿನ ಪಕ್ಕದಲ್ಲಿ, ಬರೆದಿಡಬೇಕು.